ದಡಕ್ಕೇರಿದ ಹಾಯಿದೋಣಿ ಮತ್ತು ಅದರೊಳಗೆ ಉಳಿದ ನೀರು

ದೂರದ ಪ್ರಯಾಣಕ್ಕೆಂದು ಕಟ್ಟಿದ ಹಾಯಿದೋಣಿಯನ್ನು ಋತು ಮುಗಿದ ಮೇಲೆ ನೀರಿನಿಂದ ಎತ್ತಿ, ನಾಲ್ಕರಿಂದ ಆರು ತಿಂಗಳು ದಡದ ಮೇಲೆ ನಿಲ್ಲಿಸುವ ಪದ್ಧತಿ ಎರಡು ಬಗೆಯ ಕಡಲುಗಳಲ್ಲಿ ಇದೆ. ಶೀತವಲಯದಲ್ಲಿ ಹೆಪ್ಪುಗಟ್ಟುವ ಚಳಿಗೆ ಹೆದರಿ ಎತ್ತುತ್ತಾರೆ; ಉಷ್ಣವಲಯದಲ್ಲಿ ಚಂಡಮಾರುತದ ತಿಂಗಳುಗಳನ್ನು ಕಳೆಯಲು ಎತ್ತುತ್ತಾರೆ. ಅಟ್ಲಾಂಟಿಕ್ ಸಾಗರದಲ್ಲಿ ಆ ಅವಧಿ ಜೂನ್ 1ರಿಂದ ನವೆಂಬರ್ 30ರವರೆಗೆ, ದಕ್ಷಿಣ ಪೆಸಿಫಿಕ್‌ನಲ್ಲಿ ಸುಮಾರಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಎರಡೂ ಕಡೆ ದೋಣಿಗೆ ವಿಶ್ರಾಂತಿ ಸಿಕ್ಕಿತು ಎಂಬ ಭಾವನೆ ಮೂಡುವುದು ಸಹಜ. ಆದರೆ ದೋಣಿಯ ಎಷ್ಟೋ ಭಾಗಗಳು ಕೆಡುವುದು ಈ ಬಿಡುವಿನ ತಿಂಗಳುಗಳಲ್ಲಿಯೇ. ಓಡಾಡುವ ದೋಣಿಯಲ್ಲಿ ನೀರು ಹರಿಯುತ್ತಿರುತ್ತದೆ, ಗಾಳಿ ಆಡುತ್ತಿರುತ್ತದೆ, ಎಂಜಿನ್ ಬಿಸಿಯಾಗಿ ತನ್ನ ತೇವವನ್ನು ತಾನೇ ಕಳೆದುಕೊಳ್ಳುತ್ತದೆ, ಬಾಗಿಲು ತೆರೆದು ಮುಚ್ಚುವ ಮನುಷ್ಯರು ಒಳಗೆ ಇರುತ್ತಾರೆ. ನಿಂತ ದೋಣಿಯಲ್ಲಿ ಇವೆಲ್ಲ ಒಂದೇ ದಿನ ನಿಂತುಹೋಗುತ್ತವೆ.

ಆದ್ದರಿಂದ ತಯಾರಿಯ ಉದ್ದನೆಯ ಪಟ್ಟಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿಯೊಂದು ಭಾಗದ ಮುಂದೆ ನಿಂತು ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ: ಇಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಮತ್ತು ಯಾವ ದಾರಿಯಿಂದ ಹೊರಗೆ ಹೋಗುತ್ತದೆ? ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಸುತ್ತಲೂ ಲೋಹದ ಗೋಡೆಯಿದ್ದು ಹಿಗ್ಗಲು ಜಾಗವಿಲ್ಲದಿದ್ದರೆ ಕಂಚು, ಎರಕದ ಕಬ್ಬಿಣ, ಅಲ್ಯೂಮಿನಿಯಂ ಯಾವುದೂ ಆ ಒತ್ತಡವನ್ನು ತಡೆಯಲಾರದು. ಹೆಪ್ಪುಗಟ್ಟದ ಊರುಗಳಲ್ಲಿ ಅದೇ ನಿಂತ ನೀರು ತುಕ್ಕಾಗಿ, ಬೂಷ್ಟಾಗಿ, ಡೀಸೆಲ್ ಟ್ಯಾಂಕಿನ ಲೋಳೆಯಾಗಿ ಬೇರೆ ರೂಪದಲ್ಲಿ ಹಾನಿ ಮಾಡುತ್ತದೆ. ಈ ಪ್ರಶ್ನೆಯ ಹೊರಗೆ ಉಳಿಯುವ ಮುಖ್ಯ ಸಂಗತಿ ಒಂದೇ: ದೋಣಿಯನ್ನು ಬೀಳದಂತೆ ನಿಲ್ಲಿಸುವುದು.

ತೇಲುತ್ತಿರುವಾಗಲೇ ಮುಗಿಸಬೇಕಾದ ಕೆಲಸಗಳು

ದೋಣಿ ದಡಕ್ಕೇರಿದ ಮೇಲೆ ಎಲ್ಲವನ್ನೂ ನಿಧಾನವಾಗಿ ಮಾಡಿಕೊಳ್ಳಬಹುದು ಎಂದುಕೊಳ್ಳುವವರು ಹಲವರು. ಕೆಲವು ಕೆಲಸಗಳು ನೀರಿನಲ್ಲಿರುವಾಗಲೇ ಸುಲಭ, ಮೇಲೆ ಬಂದ ಮೇಲೆ ಕಷ್ಟ. ಎಂಜಿನ್ ಎಣ್ಣೆಯನ್ನು ಬದಲಿಸಲು ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಬಿಸಿಯಾಗಲು ಭಾರ ಹೊತ್ತು ಓಡಬೇಕು, ಭಾರ ಹೊತ್ತು ಓಡಲು ತಂಪು ಮಾಡುವ ನೀರು ಕೆಳಗಿರಬೇಕು. ಶೌಚದ ಟ್ಯಾಂಕನ್ನು ಖಾಲಿ ಮಾಡುವ ಪಂಪ್ ಬಂದರಿನ ಕಟ್ಟೆಯ ಬಳಿ ಇರುತ್ತದೆ, ದೋಣಿ ನಿಲ್ಲಿಸುವ ಅಂಗಳದಲ್ಲಿ ಇರುವುದು ಅಪರೂಪ. ಹಾಯಿಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಲು ಗಾಳಿ ಮೆಲ್ಲಗೆ ಬೀಸುವ ಒಂದು ಬೆಳಗ್ಗೆ ಬೇಕು. ಆ ಬೆಳಗ್ಗೆ ಸಿಕ್ಕಿದಾಗ ಕಟ್ಟೆಗೆ ಕಟ್ಟಿದ ದೋಣಿಯಲ್ಲಿಯೇ ಹಾಯಿ ಬಿಚ್ಚಿ ಒಣಗಿಸಿ ಇಳಿಸಿಬಿಡಬೇಕು. ದಡದ ಮೇಲೆ ಕಂಬಗಳ ಆಸರೆಯಲ್ಲಿ ನಿಂತ ದೋಣಿಯಲ್ಲಿ ಹಾಯಿ ಏರಿಸುವುದು ಅಪಾಯ.

ಎತ್ತುವ ಯಂತ್ರದ ಅಗಲ ಪಟ್ಟಿಗಳು ಒಡಲಿನ ಯಾವ ಜಾಗಕ್ಕೆ ಬರಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ಪ್ರೊಪೆಲರ್ ಶಾಫ್ಟ್, ಸೇಲ್‌ಡ್ರೈವ್‌ನ (ಎಂಜಿನ್‌ನಿಂದ ಒಡಲಿನ ಅಡಿಗೆ ಇಳಿದು ಪ್ರೊಪೆಲರ್ ತಿರುಗಿಸುವ ಗೇರಿನ ಘಟಕ) ಕಾಲು, ವೇಗ ಅಳೆಯುವ ಚಕ್ರ, ಆಳ ಅಳೆಯುವ ಸಂವೇದಕ ಇವುಗಳಲ್ಲಿ ಯಾವುದರ ಮೇಲೆ ಪಟ್ಟಿ ಬಿದ್ದರೂ ದೋಣಿಯ ತೂಕ ಅದನ್ನು ಬಾಗಿಸುತ್ತದೆ ಅಥವಾ ಮುರಿಯುತ್ತದೆ. ತಯಾರಕರು ಕೆಲವೊಮ್ಮೆ ಡೆಕ್ಕಿನ ಅಂಚಿನಲ್ಲಿ ಸಣ್ಣ ಗುರುತುಗಳನ್ನು ಅಂಟಿಸಿರುತ್ತಾರೆ; ಇಲ್ಲದಿದ್ದರೆ ದೋಣಿ ಪಟ್ಟಿಗಳಲ್ಲಿ ತೂಗುತ್ತಿರುವಾಗ ಪಕ್ಕದಿಂದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ವರ್ಷ ಯಂತ್ರ ನಡೆಸುವವರಿಗೆ ಅದನ್ನೇ ತೋರಿಸಬಹುದು.

ಮೇಲೆ ಬಂದ ತಕ್ಷಣ, ಅದೇ ಗಂಟೆಯಲ್ಲಿ, ಒಡಲನ್ನು ಒತ್ತಡದ ನೀರಿನಿಂದ ತೊಳೆಯಬೇಕು. ಹಸಿಯಾಗಿರುವಾಗ ಪಾಚಿಯೂ ಲೋಳೆಯೂ ಸಲೀಸಾಗಿ ಬಿಟ್ಟುಬರುತ್ತವೆ. ಒಮ್ಮೆ ಒಣಗಿದರೆ ಬಣ್ಣದೊಂದಿಗೆ ಒಂದಾಗಿ ಅಂಟಿಕೊಳ್ಳುತ್ತವೆ, ಬಾರ್ನಕಲ್ ಚಿಪ್ಪುಗಳ ತಳವಂತೂ ಗಾರೆಯಂತೆ ಗಟ್ಟಿಯಾಗುತ್ತದೆ. ಒಡಲಿಗೆ ಜೀವಿಗಳು ಅಂಟದಂತೆ ಬಳಿಯುವ ಆ್ಯಂಟಿಫೌಲಿಂಗ್ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತಗಳು ಇರುವುದರಿಂದ, ತೊಳೆದ ನೀರು ಹರಿದು ಕಡಲು ಸೇರದಂತೆ ಸಂಗ್ರಹಿಸುವ ವ್ಯವಸ್ಥೆ ಇರುವ ಅಂಗಳದಲ್ಲಿಯೇ ಈ ಕೆಲಸ ಮಾಡಬೇಕು. ಹಳೆಯ ಬಣ್ಣವನ್ನು ಒಣಗಿದ ಮೇಲೆ ಉಜ್ಜುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿ ಉಜ್ಜಬೇಕು, ಮುಖಕ್ಕೆ ಸರಿಯಾದ ಸೋಸುಕ ಧರಿಸಬೇಕು.

ಭಾರವೆಲ್ಲ ಕೀಲ್ ಮೇಲೆ

ದೋಣಿಯನ್ನು ನಿಲ್ಲಿಸುವ ವಿಷಯದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ತತ್ವ ಸರಳವಾದದ್ದು. ತೂಕವನ್ನು ಹೊರುವುದು ಕೀಲ್, ಅಂದರೆ ಒಡಲಿನ ತಳದಿಂದ ಕೆಳಕ್ಕೆ ಚಾಚಿದ ಭಾರವಾದ ರೆಕ್ಕೆ, ಮತ್ತು ಕೀಲ್ ಅಡಿಯ ಮರದ ದಿಮ್ಮಿಗಳು. ಪಕ್ಕದ ಲೋಹದ ಕಂಬಗಳು ದೋಣಿ ವಾಲದಂತೆ ಹಿಡಿಯುತ್ತವೆ, ಅಷ್ಟೇ. ಕಂಬದ ತಲೆಯಲ್ಲಿರುವ ಹಲಗೆ ಒಡಲನ್ನು ಒಳಕ್ಕೆ ಒತ್ತಿ ತಗ್ಗು ಬೀಳಿಸುತ್ತಿದ್ದರೆ ಅದು ಹೊರಬಾರದ ಭಾರವನ್ನು ಹೊರುತ್ತಿದೆ ಎಂದರ್ಥ. ಆದ್ದರಿಂದ ಕಂಬಗಳನ್ನು ಒಳಗಿನ ಅಡ್ಡಗೋಡೆಗಳಿರುವ ಜಾಗಕ್ಕೆ, ಅಂದರೆ ಒಡಲು ಗಟ್ಟಿಯಾಗಿರುವ ಕಡೆಗೆ ಕೊಡುತ್ತಾರೆ. ಎಡಬಲದ ಜೋಡಿ ಕಂಬಗಳನ್ನು ದೋಣಿಯ ಅಡಿಯಿಂದ ಸರಪಳಿ ಹಾಕಿ ಬಿಗಿಯುತ್ತಾರೆ. ಇದರಿಂದ ಒಂದು ಕಂಬ ಹೊರಕ್ಕೆ ಜಾರಲು ನೋಡಿದರೆ ಎದುರಿನದು ಅದನ್ನು ಎಳೆದು ನಿಲ್ಲಿಸುತ್ತದೆ. ನೆಲ ಮಣ್ಣಿನದಾಗಿದ್ದರೆ ಪ್ರತಿ ಕಾಲಿನಡಿ ದಪ್ಪ ಪ್ಲೈವುಡ್ ತುಂಡು ಬೇಕು. ಮೊದಲ ದೊಡ್ಡ ಮಳೆಯ ನಂತರ, ಅಥವಾ ಹೆಪ್ಪುಗಟ್ಟಿದ ನೆಲ ಕರಗಿದ ನಂತರ, ಮಣ್ಣು ಕುಸಿದು ಒಂದೆರಡು ಕಂಬ ಸಡಿಲವಾಗಿರುವುದು ಎಷ್ಟೋ ಸಲ ಕಂಡುಬರುತ್ತದೆ. ಯಾರಾದರೂ ಹೋಗಿ ಕೈಯಿಂದ ಅಲುಗಿಸಿ ನೋಡಿ ಬಿಗಿ ಮಾಡದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದೋಣಿಗೆ ಹೊದಿಸಿದ ಟಾರ್ಪಾಲಿನ ಹಗ್ಗವನ್ನು ಈ ಕಂಬಗಳಿಗೆ ಎಂದಿಗೂ ಕಟ್ಟಬಾರದು. ಗಾಳಿಗೆ ಟಾರ್ಪಾಲು ಬಡಿದುಕೊಳ್ಳುತ್ತಾ ಪ್ರತಿ ಎಳೆತದಲ್ಲಿ ಕಂಬವನ್ನು ಕೂದಲಷ್ಟು ಸರಿಸುತ್ತದೆ, ಒಂದು ರಾತ್ರಿ ಅಂತಹ ಸಾವಿರ ಎಳೆತಗಳು ಆಗುತ್ತವೆ. ಹಗ್ಗವನ್ನು ಒಡಲಿನ ಅಡಿಯಿಂದ ಹಾಯಿಸಿ ಒಂದು ಬದಿಯಿಂದ ಇನ್ನೊಂದು ಬದಿಗೆ ಕಟ್ಟಬೇಕು.

ಮೂತಿಯನ್ನು ಹಿಂಬದಿಗಿಂತ ತುಸು ಎತ್ತರಿಸಿ ನಿಲ್ಲಿಸಿದರೆ ಡೆಕ್ಕಿನ ಮಳೆನೀರು ಹಿಂದಕ್ಕೆ ಹರಿದು ಕಾಕ್‌ಪಿಟ್‌ನ (ದೋಣಿ ನಡೆಸುವವರು ಕೂರುವ ತಗ್ಗಾದ ಜಾಗ) ತೂಬುಗಳಿಂದ ಇಳಿದುಹೋಗುತ್ತದೆ. ಆ ತೂಬುಗಳು ಸಾಮಾನ್ಯವಾಗಿ ಎರಡು ಬೆರಳಿನಷ್ಟು ಅಗಲ. ಒಂದು ಮುಷ್ಟಿ ಒಣಗಿದ ಎಲೆಗಳು ಸಾಕು, ಕಾಕ್‌ಪಿಟ್ ತೊಟ್ಟಿಯಾಗುತ್ತದೆ. ತೊಟ್ಟಿ ತುಂಬಿದ ಮೇಲೆ ನೀರು ಕ್ಯಾಬಿನ್ನಿನ ಬಾಗಿಲ ಹಲಗೆಗಳ ಸಂದಿನಿಂದ ಒಳಗೆ ಇಳಿದು ಎಂಜಿನ್‌ವರೆಗೆ ಏರುತ್ತದೆ. ಕಡಲಿನಲ್ಲಿ ಒಮ್ಮೆಯೂ ಮುಳುಗದ ದೋಣಿಗಳು ದಡದ ಮೇಲೆ ಒಳಗಿನಿಂದ ಮುಳುಗಿರುವುದು ಹೀಗೆ. ತೂಬಿನ ಬಾಯಿಗೆ ಜಾಲರಿ ಹಾಕುವುದು, ಬಿಲ್ಜ್‌ನ, ಅಂದರೆ ಒಡಲಿನ ಒಳತಳದ, ಅಡಿಯಲ್ಲಿ ಬಿರಡೆಯಿದ್ದರೆ ಅದನ್ನು ಬಿಚ್ಚಿಟ್ಟು ಯಾರ ಕಣ್ಣಿಗೂ ಬೀಳುವ ಜಾಗದಲ್ಲಿ ತೂಗುಹಾಕುವುದು, ಇವೆರಡಕ್ಕೆ ಹತ್ತು ನಿಮಿಷವೂ ಬೇಡ.

ಹಾಯಿಕಂಬವನ್ನು ಇಳಿಸಬೇಕೇ ಬೇಡವೇ ಎಂಬ ಬಗ್ಗೆ ಬಲ್ಲವರಲ್ಲಿಯೇ ಒಮ್ಮತವಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಎತ್ತರದ ಕಂಬ, ಅದರ ತಂತಿಗಳು, ಸುತ್ತಿಟ್ಟ ಮುಂದಿನ ಹಾಯಿ ಇವೆಲ್ಲ ಸೇರಿ ಆ ಒತ್ತಡವನ್ನು ಉದ್ದನೆಯ ಸನ್ನೆಗೋಲಿನಂತೆ ದೋಣಿಯ ಬುಡಕ್ಕೆ ದಾಟಿಸುತ್ತವೆ. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಚಂಡಮಾರುತ ಗ್ರೆನಡಾ ದ್ವೀಪವನ್ನು ಹೊಡೆದಾಗ ಅಂಗಳಗಳಲ್ಲಿ ನಿಲ್ಲಿಸಿದ್ದ ಹಲವಾರು ದೋಣಿಗಳು ಒಂದರ ಮೇಲೊಂದು ಉರುಳಿಬಿದ್ದವು. ಅಂತಹ ಸೀಮೆಯಲ್ಲಿ ದೋಣಿಯನ್ನು ದಡದಲ್ಲಿ ಬಿಟ್ಟುಹೋಗುವವರು ಉಕ್ಕಿನ ತೊಟ್ಟಿಲಿನಲ್ಲಿ ಕೂರಿಸುವುದು, ನೆಲದಲ್ಲಿ ಹೂತ ಕೊಂಡಿಗಳಿಗೆ ಅಗಲ ಪಟ್ಟಿಗಳಿಂದ ಬಿಗಿಯುವುದು, ಕೀಲ್ ಹೋಗುವಷ್ಟು ಗುಂಡಿ ತೋಡಿ ಒಡಲನ್ನು ನೆಲಕ್ಕೆ ಹತ್ತಿರ ತರುವುದು ಮುಂತಾದ ಉಪಾಯಗಳನ್ನು ಅನುಸರಿಸುತ್ತಾರೆ. ನನ್ನ ಮಟ್ಟಿಗೆ, ಬಿರುಗಾಳಿಯ ಸೀಮೆಯಲ್ಲಿ ಕಂಬ ಇಳಿಸುವುದೇ ಒಳ್ಳೆಯದು. ಬೇರೆಡೆ ಪ್ರತಿ ವರ್ಷ ಅಲ್ಲದಿದ್ದರೂ ಕೆಲವು ವರ್ಷಗಳಿಗೊಮ್ಮೆ ಇಳಿಸಿದರೆ ಮೇಲಿನ ಗಾಲಿಗಳು, ತಂತಿಯ ತುದಿಗಳು, ದೀಪದ ವೈರುಗಳು ಎಲ್ಲವೂ ಕಣ್ಣಿಗೆ ಹತ್ತಿರ ಸಿಗುತ್ತವೆ. ಕಂಬವನ್ನು ಹಾಗೆಯೇ ಬಿಟ್ಟರೂ ಸುತ್ತಿಟ್ಟ ಮುಂದಿನ ಹಾಯಿಯನ್ನು ಮಾತ್ರ ಅಲ್ಲಿ ಬಿಡಬಾರದು. ಬಿರುಗಾಳಿಯಲ್ಲಿ ಅದು ಬಿಚ್ಚಿಕೊಂಡರೆ ದಡದ ದೋಣಿಯೂ ಹಾಯಿಬಿಟ್ಟ ದೋಣಿಯೇ ಆಗುತ್ತದೆ.

ನಿಂತ ಹಾಯಿಕಂಬದ ಬುಡದಲ್ಲಿ ನೀರು ಹೊರಹೋಗಲು ಒಂದು ಸಣ್ಣ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಮಳೆನೀರು ಟೊಳ್ಳಾದ ಅಲ್ಯೂಮಿನಿಯಂ ಕೊಳವೆಯೊಳಗೆ ನಿಂತು, ಹೆಪ್ಪುಗಟ್ಟಿದಾಗ ಕಂಬವನ್ನೇ ಉದ್ದಕ್ಕೆ ಸೀಳಬಲ್ಲದು. ಸ್ಟೀಲ್ ತಂತಿಗಳ ಕೆಳತುದಿಯನ್ನು ಹಿಡಿದಿರುವ ಲೋಹದ ಕೊಳವೆಗಳಲ್ಲೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ. ಅಲ್ಲದೆ ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯುವುದು ಅದರ ಮೇಲಿನ ತೆಳುವಾದ ಆಕ್ಸೈಡ್ ಪೊರೆಯಿಂದ, ಆ ಪೊರೆ ಉಳಿಯಲು ಗಾಳಿಯ ಆಮ್ಲಜನಕ ಬೇಕು. ಉಪ್ಪುನೀರು ನಿಂತ ಸಂದಿನಲ್ಲಿ ಆಮ್ಲಜನಕ ಮುಗಿದ ಮೇಲೆ ಲೋಹ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ, ಹೊರಗೆ ಕಾಣುವುದು ಒಂದು ಕಂದು ಗೆರೆ ಮಾತ್ರ. ಆ ಗೆರೆ ಕಂಡರೆ ಭೂತಗನ್ನಡಿ ಹಿಡಿದು ಬಿರುಕು ಹುಡುಕಬೇಕು.

ಒಡಲಿನ ಕೆಳಭಾಗದಲ್ಲಿ ಓದಬೇಕಾದ ಗುರುತುಗಳು

ತೊಳೆದ ಮೇಲೆ ಒಡಲು ಒಣಗುತ್ತಿರುವಾಗ ಒಂದು ಸುತ್ತು ಬರುವುದು ಬಹಳ ಫಲದಾಯಕ, ಏಕೆಂದರೆ ಎಲ್ಲ ಕಡೆ ಒಣಗಿದ ಮೇಲೂ ತೇವ ಜಿನುಗುತ್ತಿರುವ ಜಾಗ ತಾನಾಗಿಯೇ ಎದ್ದು ಕಾಣುತ್ತದೆ. ಚುಕ್ಕಾಣಿಯ ಕೆಳ ಅಂಚಿನಿಂದ ದಿನಗಟ್ಟಲೆ ಹನಿ ಇಳಿಯುತ್ತಿದ್ದರೆ ಅದರ ಒಳಗಿನ ಫೋಮ್ ನೀರು ಕುಡಿದಿದೆ. ಚಳಿಯ ಸೀಮೆಯಾದರೆ ಕೆಳತುದಿಯಲ್ಲಿ ಸಣ್ಣ ರಂಧ್ರ ಕೊರೆದು ನೀರು ಇಳಿಯಲು ಬಿಟ್ಟು, ಮತ್ತೆ ನೀರಿಗೆ ಇಳಿಸುವ ಮುನ್ನ ಎಪಾಕ್ಸಿಯಿಂದ ಮುಚ್ಚುವುದು ರೂಢಿ. ಹಾಗೆ ಮಾಡದಿದ್ದರೆ ಹೆಪ್ಪುಗಟ್ಟಿದ ನೀರು ಚುಕ್ಕಾಣಿಯ ಎರಡು ಹೋಳುಗಳನ್ನು ಬೆಸುಗೆಯಲ್ಲೇ ಬಿಡಿಸುತ್ತದೆ. ಕೀಲ್ ಮತ್ತು ಒಡಲು ಸೇರುವ ಗೆರೆಯಲ್ಲಿ ಬಿರುಕು, ಅದರಿಂದ ಇಳಿದ ತುಕ್ಕಿನ ಕಲೆ ಕಂಡರೆ ಅದನ್ನು ಬಣ್ಣದಿಂದ ಮುಚ್ಚದೆ ಬಲ್ಲವರಿಗೆ ತೋರಿಸಬೇಕು.

ಫೈಬರ್ ಒಡಲಿನ ಮೇಲೆ ನಾಣ್ಯದಗಲದ ಗುಳ್ಳೆಗಳು ಎದ್ದಿದ್ದರೆ ಪಾಲಿಯೆಸ್ಟರ್ ರಾಳದ ಒಳಕ್ಕೆ ನೀರು ನಿಧಾನವಾಗಿ ಇಳಿದು, ಅಲ್ಲಿನ ರಾಸಾಯನಿಕಗಳೊಂದಿಗೆ ಸೇರಿ ಆಮ್ಲೀಯ ದ್ರವವಾಗಿ, ಇನ್ನಷ್ಟು ನೀರನ್ನು ಸೆಳೆದುಕೊಳ್ಳುತ್ತಿದೆ ಎಂದು ತಿಳಿಯಬೇಕು. ಅಂತಹ ಗುಳ್ಳೆಯನ್ನು ಚುಚ್ಚಿದಾಗ ಹುಳಿಯಾದ, ವಿನೆಗರ್‌ನಂಥ ವಾಸನೆ ಬರುತ್ತದೆ; ಒಳಗೆ ಒತ್ತಡವಿರುವುದರಿಂದ ದ್ರವ ಚಿಮ್ಮಬಹುದು, ಕಣ್ಣಿಗೆ ಕನ್ನಡಕವಿಲ್ಲದೆ ಚುಚ್ಚಬಾರದು. ಕೆಲವು ಗುಳ್ಳೆಗಳಿಗೆ ಭಯಪಡಬೇಕಾದ ಅಗತ್ಯವಿಲ್ಲ. ಅವುಗಳ ಜಾಗವನ್ನು ಗುರುತು ಹಾಕಿ, ತೆರೆದು, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು, ದಡದ ಮೇಲಿನ ತಿಂಗಳುಗಳು ಒಣಗಿಸಲು ಕೊಡುವ ಅವಕಾಶವನ್ನು ಬಳಸಿಕೊಂಡರೆ ಸಾಕು.

ತಾವೇ ಕರಗಿ ಬೇರೆ ಲೋಹಗಳನ್ನು ಸವೆಯದಂತೆ ಕಾಯುವ ಆ್ಯನೋಡ್ ಗಟ್ಟಿಗಳು ಅರ್ಧ ಕರಗಿದ್ದರೆ ಬದಲಿಸಬೇಕು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ ಸೂಕ್ತ. ಇವುಗಳ ಮೇಲೆ ಬಣ್ಣ ಬಳಿದರೆ ಪ್ರಯೋಜನವೇ ಇಲ್ಲ. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಕೆಳಕ್ಕೆ ಅಲುಗಿಸಿದಾಗ ಟಕ್ ಟಕ್ ಎಂದು ಸ್ಪಷ್ಟವಾಗಿ ಆಡಿದರೆ ರಬ್ಬರ್ ಬೇರಿಂಗ್ ಸವೆದಿದೆ. ಸೇಲ್‌ಡ್ರೈವ್ ಇರುವ ದೋಣಿಯಲ್ಲಿ ಒಡಲಿನ ದೊಡ್ಡ ರಂಧ್ರವನ್ನು ಮುಚ್ಚಿರುವ ರಬ್ಬರ್ ಪೊರೆಯ ವಯಸ್ಸು ನೋಡಬೇಕು. ಅದನ್ನು ಸುಮಾರು 7 ವರ್ಷಕ್ಕೊಮ್ಮೆ ಬದಲಿಸಲು ಹೇಳುವ ತಯಾರಕರಿದ್ದಾರೆ.

ಒಂದು ವಾಲ್ವಿನ ಒಳಗೆ

ಒಡಲಿನ ಮೂಲಕ ನೀರು ಒಳಗೆ ಹೊರಗೆ ಹೋಗುವ ಪ್ರತಿ ದಾರಿಗೂ ಒಂದು ಸೀಕಾಕ್ ಇರುತ್ತದೆ, ಈಗಿನ ದೋಣಿಗಳಲ್ಲಿ ಅದು ಬಹುತೇಕ ಬಾಲ್ ವಾಲ್ವ್. ಇದರೊಳಗೆ ಒಂದು ಲೋಹದ ಗುಂಡು, ಗುಂಡಿನ ನಡುವೆ ಒಂದು ಸುರಂಗ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸುರಂಗ ಕೊಳವೆಗೆ ಅಡ್ಡವಾಗಿ ನಿಂತು ದಾರಿ ಮುಚ್ಚುತ್ತದೆ. ದೋಣಿ ದಡದಲ್ಲಿದೆ, ಎಲ್ಲ ಸೀಕಾಕ್ ಮುಚ್ಚಿಬಿಟ್ಟಿದ್ದೇನೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರು ಮರೆಯುವುದು ಈ ಸುರಂಗವನ್ನು. ಮುಚ್ಚುವ ಕ್ಷಣದಲ್ಲಿ ಅದರಲ್ಲಿ ತುಂಬಿದ್ದ ನೀರು ಅಲ್ಲಿಯೇ ಬಂದಿಯಾಗುತ್ತದೆ, ಹಿಂದೆಯೂ ಗೋಡೆ, ಮುಂದೆಯೂ ಗೋಡೆ. ಹೀಗೆ ಒಡೆದ ಒಂದು ಕಂಚಿನ ವಾಲ್ವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ: ಹೊರಮೈಯಲ್ಲಿ ಉಗುರಿಗೆ ತಾಕುವಷ್ಟೇ ಕೂದಲೆಳೆಯ ಗೆರೆ, ಬೆಳಕಿಗೆ ಹಿಡಿದರೂ ಸುಲಭವಾಗಿ ಕಾಣದು, ಆದರೆ ನಲ್ಲಿಗೆ ಜೋಡಿಸಿ ನೀರು ಬಿಟ್ಟ ಕೂಡಲೇ ಆ ಗೆರೆಯುದ್ದಕ್ಕೂ ಹನಿಗಳ ಸಾಲು ಮೂಡಿತು. ನೀರಿಗೆ ಇಳಿಸಿದ ಮೇಲೆ ಆ ಹನಿಗಳೇ ದೋಣಿಯನ್ನು ಮುಳುಗಿಸುವ ಧಾರೆಯಾಗಬಲ್ಲವು.

ಆದ್ದರಿಂದ ದಡದ ಮೇಲೆ ಸೀಕಾಕ್‌ಗಳನ್ನು ತೆರೆದೇ ಇಡಬೇಕು. ಮೊದಲು ಹಲವು ಬಾರಿ ತೆರೆದು ಮುಚ್ಚಿ ಒಳಗಿನ ನೀರನ್ನು ಹೊರಹಾಕಬೇಕು, ಬಿಗಿಯಾಗಿ ತಿರುಗುವವುಗಳಿಗೆ ಗ್ರೀಸ್ ಕೊಡಬೇಕು, ಇಲಿ ಮತ್ತು ಹುಳುಗಳು ಏರದಂತೆ ಹೊರಬಾಯಿಗೆ ಜಾಲರಿ ಸಿಕ್ಕಿಸಬೇಕು. ಹೋಸ್‌ಗಳ ಕ್ಲ್ಯಾಂಪ್‌ಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಕ್ಲ್ಯಾಂಪಿನ ಮೇಲ್ಭಾಗ ಹೊಳೆಯುತ್ತಿದ್ದರೂ ಕೆಳಗೆ ತೇವ ನಿಲ್ಲುವ ಕಡೆ ತುಕ್ಕು ತಿಂದಿರುತ್ತದೆ, ಬೆರಳನ್ನು ಹಿಂದಕ್ಕೆ ಹಾಯಿಸಿ ನೋಡಿದರೇ ತಿಳಿಯುವುದು. ಹಿತ್ತಾಳೆಯ ಬಿಡಿಭಾಗ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿನ ಸತು ಕರಗಿಹೋಗಿ ರಂಧ್ರಮಯವಾದ ತಾಮ್ರ ಉಳಿದಿದೆ. ಅಂತಹದನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಎಂಜಿನ್

ಬಳಸಿದ ಎಂಜಿನ್ ಎಣ್ಣೆಯಲ್ಲಿ ಉರಿತದಿಂದ ಹುಟ್ಟಿದ ಆಮ್ಲಗಳೂ ತೇವವೂ ಸೇರಿರುತ್ತವೆ. ಅದನ್ನು ಹಾಗೆಯೇ ಬಿಟ್ಟು ವಸಂತದಲ್ಲಿ ಬದಲಿಸುತ್ತೇನೆ ಎಂದರೆ ಆರು ತಿಂಗಳು ಬೇರಿಂಗ್‌ಗಳನ್ನು ಆಮ್ಲದಲ್ಲಿ ನೆನೆಸಿಟ್ಟಂತೆ. ಬಿಸಿ ಎಣ್ಣೆ ತೆಳ್ಳಗೆ ಹರಿಯುವುದರಿಂದ ಕೊಳೆಯನ್ನೂ ಹೊತ್ತುಕೊಂಡು ಬರುತ್ತದೆ. ಹೊಸ ಎಣ್ಣೆ ಮತ್ತು ಹೊಸ ಫಿಲ್ಟರ್ ಹಾಕಿ ಐದು ನಿಮಿಷ ಓಡಿಸಿದರೆ ಒಳಭಾಗಗಳಿಗೆಲ್ಲ ಶುದ್ಧ ಪದರ ಹಚ್ಚಿದಂತಾಗುತ್ತದೆ. ಗೇರ್‌ಬಾಕ್ಸ್ ಅಥವಾ ಸೇಲ್‌ಡ್ರೈವ್‌ನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ಯಾವುದೋ ಸೀಲ್ ನೀರನ್ನು ಒಳಬಿಡುತ್ತಿದೆ.

ದೋಣಿಯ ಡೀಸೆಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಎರಡು ನೀರಿನ ಹಾದಿಗಳಿವೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಗೊಂದಲ ಹುಟ್ಟುವುದು ಇಲ್ಲಿಯೇ. ಎಂಜಿನ್ ಒಳಗೆ ಸುತ್ತುವ ಮುಚ್ಚಿದ ಹಾದಿಯಲ್ಲಿ, ಕಾರಿನಲ್ಲಿರುವಂತೆ, ಸಿಹಿನೀರು ಮತ್ತು ಎಥಿಲೀನ್ ಗ್ಲೈಕಾಲ್ ಮಿಶ್ರಣ ಇರುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಅದು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದು. ಇದರ ಸಾಂದ್ರತೆ ಅಳೆದು, ತಯಾರಕರು ಹೇಳಿದ ಅವಧಿಗೆ ಬದಲಿಸಿದರೆ ಸಾಕು. ಎರಡನೆಯದು ತೆರೆದ ಹಾದಿ: ಕಡಲಿನ ನೀರನ್ನು ಪಂಪ್ ಎಳೆದುಕೊಂಡು, ಶಾಖವನ್ನು ಹೊರುವ ವಿನಿಮಯಕದ ಮೂಲಕ ಹಾಯಿಸಿ, ಹೊಗೆಯೊಂದಿಗೆ ಹೊರಗೆ ಚೆಲ್ಲುತ್ತದೆ. ದೋಣಿ ಮೇಲೆ ಬಂದಾಗ ಈ ಹಾದಿಯ ತಗ್ಗುಗಳಲ್ಲೆಲ್ಲ, ಅಂದರೆ ಜರಡಿಯ ಬಟ್ಟಲಿನಲ್ಲಿ, ಪಂಪಿನಲ್ಲಿ, ವಿನಿಮಯಕದಲ್ಲಿ, ಹೊಗೆಯ ಮಫ್ಲರ್‌ನಲ್ಲಿ, ಉಪ್ಪುನೀರು ನಿಂತಿರುತ್ತದೆ. ಅದನ್ನು ಹೊರದೂಡಲು ಸೀಕಾಕ್‌ನಿಂದ ಬರುವ ಹೋಸನ್ನು ಬಿಚ್ಚಿ ಒಂದು ಬಕೆಟ್‌ಗೆ ಇಳಿಸಬೇಕು. ಮೊದಲು ಸಿಹಿನೀರು ಕುಡಿಸಿ ಉಪ್ಪನ್ನು ತೊಳೆದು, ಆಮೇಲೆ ವಿಷವಲ್ಲದ, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆ್ಯಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಕುಡಿಸಬೇಕು. ಒಬ್ಬರು ಬಕೆಟ್ ಖಾಲಿಯಾಗದಂತೆ ಸುರಿಯುತ್ತಿರಬೇಕು, ಇನ್ನೊಬ್ಬರು ಹಿಂಬದಿಯಲ್ಲಿ ನಿಂತು ಹೊಗೆಕೊಳವೆಯಿಂದ ಗುಲಾಬಿ ಬಣ್ಣದ ದ್ರವ ದಟ್ಟವಾಗಿ ಬರುವುದನ್ನು ನೋಡಿ ಕೂಗಿ ಹೇಳಬೇಕು. ತೆಳು ಗುಲಾಬಿ ಬಂದಾಗ ನಿಲ್ಲಿಸಿದರೆ ಒಳಗೆ ಇನ್ನೂ ನೀರೇ ಹೆಚ್ಚು ಉಳಿದಿದೆ. ಕಡಲನೀರನ್ನೇ ನೇರವಾಗಿ ಎಂಜಿನ್ ಒಳಗೆ ಸುತ್ತಿಸುವ ಹಳೆಯ ಮಾದರಿಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಷ್ಟು ಎಂಜಿನ್ ಬಿಸಿಯಾಗಿರದಿದ್ದರೆ ಆ್ಯಂಟಿಫ್ರೀಜ್ ಒಳಭಾಗಕ್ಕೆ ತಲುಪುವುದೇ ಇಲ್ಲ.

ಆ್ಯಂಟಿಫ್ರೀಜ್ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಮೈನಸ್ ಅಂಕಿಯನ್ನು ನಂಬುವ ಮುನ್ನ ಅದರ ಅರ್ಥ ತಿಳಿಯಬೇಕು. ಅದು ಬಹಳ ಸಲ ಫ್ಯಾರನ್‌ಹೀಟ್‌ನಲ್ಲಿರುತ್ತದೆ, ಮತ್ತು ಕೊಳವೆ ಒಡೆಯದ ಮಿತಿಯನ್ನು ಹೇಳುತ್ತದೆಯೇ ಹೊರತು ದ್ರವ ಹೆಪ್ಪುಗಟ್ಟದ ಮಿತಿಯನ್ನಲ್ಲ. ಒಳಗೆ ಉಳಿದ ನೀರು ಬೆರೆತಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಕಡು ಚಳಿಯ ಊರಿನಲ್ಲಿ ಹೆಚ್ಚು ಸಾಂದ್ರವಾದದ್ದನ್ನು ಕೊಳ್ಳುವುದರಲ್ಲಿ ಜಿಪುಣತನ ಬೇಡ.

ನೀರಿನ ಪಂಪಿನೊಳಗಿನ ರಬ್ಬರ್ ಇಂಪೆಲರನ್ನು (ನೀರನ್ನು ತಳ್ಳುವ ಎಸಳಿನ ಚಕ್ರ) ಈ ಕೆಲಸ ಮುಗಿದ ಮೇಲೆ ಹೊರತೆಗೆಯುವುದು ಉತ್ತಮ. ಅದರ ಕೆಲವು ಎಸಳುಗಳು ಪಂಪಿನ ಗೋಡೆಗೆ ಒತ್ತಿಕೊಂಡು ಬಾಗಿಯೇ ಇರುತ್ತವೆ. ಆರು ತಿಂಗಳು ಹಾಗೆಯೇ ಬಿಟ್ಟರೆ ಬಾಗಿದ ಎಸಳು ಬಾಗಿಯೇ ಉಳಿಯುತ್ತದೆ, ಬುಡದಲ್ಲಿ ಬಿರುಕು ಹುಟ್ಟುತ್ತದೆ, ಋತುವಿನ ಮೊದಲ ದಿನವೇ ತುಂಡಾಗಿ ವಿನಿಮಯಕದ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತೆಗೆದದ್ದನ್ನು ಎಂಜಿನ್ ಕೀಲಿಯ ಜೊತೆಗೇ ಕಟ್ಟಿಡಬೇಕು, ಆಗ ಅದನ್ನು ಹಾಕದೆ ಎಂಜಿನ್ ಚಾಲೂ ಮಾಡಲು ಯಾರಿಗೂ ಆಗದು.

ಡೀಸೆಲ್ ಟ್ಯಾಂಕಿನ ವಿಷಯದಲ್ಲಿಯೂ ಅದೇ ಪ್ರಶ್ನೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಗಾಳಿಯ ತೇವ ಗೋಡೆಗೆ ಹನಿಗಟ್ಟಿ, ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರನ್ನು ಕಟ್ಟುವ ಕಪ್ಪು ಲೋಳೆಯಾಗುತ್ತವೆ. ಹಿಗ್ಗಲು ತುಸು ಜಾಗ ಬಿಟ್ಟು ಟ್ಯಾಂಕ್ ತುಂಬಿಸಬೇಕು, ಜೀವಿನಾಶಕವನ್ನು ಬೆರೆಸಬೇಕು, ನೀರು ಬೇರ್ಪಡಿಸುವ ಬಟ್ಟಲಿನ ತಳದಲ್ಲಿ ಸೇರಿದ್ದನ್ನು ಹರಿಸಿಬಿಡಬೇಕು.

ಕುಡಿಯುವ ನೀರು, ಶೌಚ, ಬ್ಯಾಟರಿ

ಸಿಹಿನೀರಿನ ವ್ಯವಸ್ಥೆಯಲ್ಲಿ ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಿ, ಬಿಸಿನೀರಿನ ಬಾಯ್ಲರನ್ನು ಹರಿಸಿ, ಅದರ ಒಳ ಹೊರ ಕೊಳವೆಗಳನ್ನು ನೇರವಾಗಿ ಜೋಡಿಸಿದ ಮೇಲೆ ಪ್ರತಿ ನಲ್ಲಿಯಿಂದಲೂ ಗುಲಾಬಿ ದ್ರವ ಬರುವವರೆಗೆ ಪಂಪ್ ಮಾಡಬೇಕು. ಹಿಂಬದಿಯ ಸ್ನಾನದ ನಲ್ಲಿ ಮತ್ತು ಲಂಗರು ತೊಳೆಯುವ ಪಂಪ್ ಮರೆತುಹೋಗುವುದು ಸಾಮಾನ್ಯ. ಶೌಚದ ಪಂಪಿಗೆ ಮೊದಲು ಸಿಹಿನೀರು, ಆಮೇಲೆ ವಿನೆಗರ್, ಕೊನೆಗೆ ಆ್ಯಂಟಿಫ್ರೀಜ್. ವಿನೆಗರ್ ಕೊಳವೆಗಳಲ್ಲಿ ಕಟ್ಟಿದ ಸುಣ್ಣದಂಥ ಪದರವನ್ನು ಕರಗಿಸುತ್ತದೆ. ಕಡಲನೀರನ್ನು ಸಿಹಿಮಾಡುವ ಯಂತ್ರವಿದ್ದರೆ ಅದರ ಪೊರೆಯನ್ನು ಕ್ಲೋರಿನ್ ಇಲ್ಲದ ನೀರಿನಿಂದ ತೊಳೆದು, ತಯಾರಕರು ಹೇಳಿದ ಸಂರಕ್ಷಕ ದ್ರವದಲ್ಲಿ ನೆನೆಸಿಡಬೇಕು. ಕ್ಲೋರಿನ್ ಆ ಪೊರೆಯನ್ನು ಕೆಡಿಸುತ್ತದೆ.

ಪೂರ್ತಿ ಚಾರ್ಜ್ ಆದ ಸೀಸ-ಆಮ್ಲದ ಬ್ಯಾಟರಿಯ ದ್ರವ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟಿ ಡಬ್ಬಿ ಒಡೆಯುತ್ತದೆ, ಏಕೆಂದರೆ ಖಾಲಿಯಾಗುತ್ತಾ ಹೋದಂತೆ ಆಮ್ಲ ಫಲಕಗಳಿಗೆ ಸೇರಿ ಉಳಿಯುವುದು ಬಹುಪಾಲು ನೀರೇ. 12.6ರಿಂದ 12.7 ವೋಲ್ಟ್ ತೋರುವಂತೆ ತುಂಬಿಸಿ, ತಂತಿ ಬಿಚ್ಚಿ, ತಿಂಗಳಿಗೊಮ್ಮೆ ಅಳೆಯಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ನಡತೆ ಬೇರೆ: ಅದನ್ನು ಸುಮಾರು ಅರ್ಧ ಚಾರ್ಜ್‌ನಲ್ಲಿ ಬಿಡುವುದು ಒಳ್ಳೆಯದು, ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಮಾಡಲೇಬಾರದು.

ಬಟ್ಟೆ, ಹಗ್ಗ, ಗಾಳಿ

ಉಪ್ಪು ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಉಪ್ಪು ಉಳಿದ ಹಾಯಿ, ಹಗ್ಗ, ದಿಂಬು ಎಷ್ಟು ಬಿಸಿಲಿಗೆ ಹಾಕಿದರೂ ಮತ್ತೆ ಜಿಗುಟಾಗುತ್ತವೆ. ಸಿಹಿನೀರಿನಲ್ಲಿ ತೊಳೆಯದೆ ಒಣಗಿಸುವುದರಲ್ಲಿ ಅರ್ಥವಿಲ್ಲ. ಹಾಯಿಗಳನ್ನು ಪ್ರತಿ ವರ್ಷ ಒಂದೇ ಮಡಿಕೆಯಲ್ಲಿ ಮಡಿಸದೆ ಸಡಿಲವಾಗಿ ಸುತ್ತಿ ಒಣ ಕೋಣೆಯಲ್ಲಿಡಬೇಕು, ಹೊಲಿಗೆ ಬಿಟ್ಟಿದ್ದರೆ ಆಗಲೇ ಹೊಲಿಯಲು ಕೊಡಬೇಕು. ಹಾಯಿಕಂಬ ನಿಂತೇ ಇದ್ದರೆ ಹಾಯಿ ಏರಿಸುವ ದುಬಾರಿ ಹಗ್ಗಗಳ ತುದಿಗೆ ತೆಳುವಾದ ಅಗ್ಗದ ದಾರ ಹೊಲಿದು, ಎಳೆದು, ದಾರವನ್ನು ಕಂಬದಲ್ಲಿ ಬಿಟ್ಟು ಹಗ್ಗವನ್ನು ಮನೆಗೆ ಒಯ್ಯಬಹುದು. ಬಿಸಿಲು ಸುಡುವುದು ದಾರವನ್ನು ಮಾತ್ರ. ಹಗ್ಗ ಸುತ್ತಿ ಎಳೆಯುವ ವಿಂಚ್‌ಗಳ ಗೇರುಗಳಿಗೆ ಗ್ರೀಸ್, ಆದರೆ ಒಳಗಿನ ಸಣ್ಣ ನಾಲಿಗೆಗಳಿಗೆ ತೆಳು ಎಣ್ಣೆ ಮಾತ್ರ. ಗ್ರೀಸ್‌ಗೆ ಅಂಟಿಕೊಂಡ ನಾಲಿಗೆ ಹಲ್ಲನ್ನು ಕಚ್ಚದೆ ಹಿಡಿ ಹಿಮ್ಮುಖವಾಗಿ ತಿರುಗಿದರೆ ಕೈಮೂಳೆ ಮುರಿಯುತ್ತದೆ.

ಕ್ಯಾಬಿನ್ನಿನ ಒಳಗೆ ಶತ್ರು ಬೂಷ್ಟು. ಗಾಳಿಯ ತೇವಾಂಶ ಶೇ 60ಕ್ಕಿಂತ ಕೆಳಗಿದ್ದರೆ ಅದು ಸಾಮಾನ್ಯವಾಗಿ ಬೆಳೆಯದು. ಇದಕ್ಕೆ ಎರಡು ದಾರಿಗಳಿವೆ, ಎರಡನ್ನೂ ಬೆರೆಸಬಾರದು. ವಿದ್ಯುತ್ ಸಿಗುವ ಅಂಗಳದಲ್ಲಿ ತೇವಹೀರುವ ಯಂತ್ರ ನಡೆಸುವುದಾದರೆ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಯಂತ್ರದ ನೀರು ಸಿಂಕಿನ ಮೂಲಕ ಹೊರಹೋಗುವಂತೆ ಮಾಡಬೇಕು. ಕಿಂಡಿ ತೆರೆದಿಟ್ಟರೆ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಯಂತ್ರವಿಲ್ಲದಿದ್ದರೆ ಇದಕ್ಕೆ ವಿರುದ್ಧವಾಗಿ ಎಲ್ಲ ಕಿಂಡಿ, ಕಪಾಟು, ನೆಲದ ಹಲಗೆ ತೆರೆದಿಟ್ಟು, ಹಾಸಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾಳಿ ಮುಂದಿನಿಂದ ಹಿಂದಕ್ಕೆ ಹಾಯುವಂತೆ ಬಿಡಬೇಕು. ಹೊರಗಿನ ಹೊದಿಕೆಗೂ ಇದೇ ನಿಯಮ: ನೀರು ನಿಲ್ಲದ ಇಳಿಜಾರು, ಎರಡು ತುದಿಗಳಲ್ಲಿ ಗಾಳಿಯ ಬಾಯಿ. ಡೆಕ್ಕಿಗೆ ಅಂಟಿದಂತೆ ಹಾಸಿದ ಪ್ಲಾಸ್ಟಿಕ್ ಮಳೆಯನ್ನು ತಡೆದು ಬೆವರನ್ನು ಒಳಗೆ ಕೂಡಿಹಾಕುತ್ತದೆ. ಚಂಡಮಾರುತದ ಸೀಮೆಯಲ್ಲಾದರೆ ಹೊದಿಕೆಯೇ ಬೇಡ. ನೆರಳಿನ ಬಟ್ಟೆಗಳೂ ಸೇರಿದಂತೆ ಗಾಳಿ ಹಿಡಿಯುವ ಎಲ್ಲವನ್ನೂ ಬಿಚ್ಚಬೇಕು. ಆಹಾರ, ಅಡುಗೆ ಅನಿಲದ ಸಿಲಿಂಡರ್, ಅವಧಿ ನೋಡಬೇಕಾದ ಅಗ್ನಿಶಾಮಕ ಮತ್ತು ಜೀವರಕ್ಷಕ ಸಾಮಗ್ರಿ ಇವೆಲ್ಲ ದೋಣಿಯಿಂದ ಇಳಿಯಬೇಕು.

ಬಿಚ್ಚಿದ್ದು, ತೆರೆದಿಟ್ಟದ್ದು, ಕೊರೆದದ್ದು, ಮುಚ್ಚಿದ್ದು ಎಲ್ಲವನ್ನೂ ಅಂದೇ ಒಂದು ಹಾಳೆಯಲ್ಲಿ ಬರೆದು ಚುಕ್ಕಾಣಿ ಚಕ್ರಕ್ಕೆ ಕಟ್ಟಿಡಬೇಕು, ಏಕೆಂದರೆ ಆರು ತಿಂಗಳ ನಂತರ ನೆನಪು ಕೈಕೊಡುತ್ತದೆ. ಬಿಲ್ಜ್ ಬಿರಡೆ, ಚುಕ್ಕಾಣಿಯ ರಂಧ್ರ, ಇಂಪೆಲರ್, ಹೊಗೆಕೊಳವೆಗೆ ತುರುಕಿದ ಬಟ್ಟೆ, ವೇಗ ಅಳೆಯುವ ಚಕ್ರದ ತೂತು, ಹೊರಬಾಯಿಗಳ ಜಾಲರಿ, ತೆರೆದ ಸೀಕಾಕ್‌ಗಳು. ದೋಣಿಯನ್ನು ಮತ್ತೆ ನೀರಿಗೆ ಇಳಿಸುವ ದಿನ, ಒಡಲು ನೀರನ್ನು ಮುಟ್ಟಿದರೂ ತೂಕವಿನ್ನೂ ಪಟ್ಟಿಗಳ ಮೇಲೆಯೇ ಇರುವಾಗ ಯಂತ್ರವನ್ನು ನಿಲ್ಲಿಸಲು ಹೇಳಿ, ಟಾರ್ಚ್ ಹಿಡಿದು ಒಳಗಿಳಿದು, ಪ್ರತಿ ಸೀಕಾಕ್‌ನ ಬುಡಕ್ಕೆ ಒಣ ಬೆರಳು ತಾಗಿಸಿ ನೋಡಬೇಕು. ಬೆರಳು ಒಣಗಿಯೇ ಮೇಲೆ ಬಂದರೆ ಪಟ್ಟಿ ಸಡಿಲಿಸಲು ಹೇಳಬಹುದು.